ದಂಡಿ ಮತ್ತು ದಾಂಡಾ

ನಮ್ಮ ಮನೆಯ ಕಿಟಕಿಯ ಕಟ್ಟೆಯ ಮೇಲೆ ಧೂಳು ಎಲ್ಲ ಕಡೆ ಸಮನಾಗಿ ಕೂರುವುದಿಲ್ಲ. ದಿನವೂ ಎಡಮೂಲೆಯಲ್ಲೇ ಗುಡ್ಡೆಯಾಗುತ್ತದೆ. ಸೊಲ್ಲಾಪುರದ ಬೇಸಿಗೆಯ ಗಾಳಿ ಹೊತ್ತು ತರುವ ಕರಿಮಣ್ಣಿನ ಪುಡಿ, ಪಕ್ಕದ ಟವೆಲ್ ಕಾರ್ಖಾನೆಯಿಂದ ಹಾರಿಬರುವ ನೂಲಿನ ಎಳೆ, ಎರಡೂ ಅಲ್ಲೇ ಬಿಡಾರ ಹೂಡುತ್ತವೆ. ಬೇರೆಯವರಾಗಿದ್ದರೆ ಒರೆಸಿ ಸುಮ್ಮನಾಗುತ್ತಿದ್ದರು. ನಾನು ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತಳಾದವಳು; ಒರೆಸುವ ಬಟ್ಟೆ ಹಿಡಿದುಕೊಂಡು, ಗಾಳಿ ಎಲ್ಲಿ ಸುಸ್ತಾಗುತ್ತದೋ ಅಲ್ಲಿ ತನ್ನ ಹೊರೆ ಇಳಿಸುತ್ತದೆ ಎಂದು ಖಾಲಿ ಕೋಣೆಗೆ ಪಾಠ ಹೇಳುತ್ತೇನೆ. ಒಬ್ಬಳೇ ಇರುವ ಮನೆಯಲ್ಲಿ ಶಿಸ್ತಿನ ಸಮಸ್ಯೆಯಂತೂ ಇಲ್ಲ.

ಸಮುದ್ರದ ಕಾರುಬಾರೂ ಇಂಥದ್ದೇ. ಗಾಳಿಯ ನೂಕಿಗೆ ಅಲೆ ಓರೆಯಾಗಿ ಬಂದು ಉಸುಕಿನ ಕಣವನ್ನು ದಡಕ್ಕೇರಿಸುತ್ತದೆ, ನೀರು ನೆಟ್ಟಗೆ ಹಿಂದೆ ಸರಿಯುತ್ತದೆ. ಹೀಗೆ ಹತ್ತಿ ಇಳಿಯುತ್ತ ಆ ಕಣ ತನಗೇ ತಿಳಿಯದಂತೆ ಬಲುದೂರ ಸಾಗುತ್ತದೆ. ಕರಾವಳಿ ಒಳಕ್ಕೆ ತಿರುಗಿದಲ್ಲಿ ಕಣಗಳು ತಿರುಗುವುದಿಲ್ಲ. ನೇರ ಮುಂದುವರಿದು, ನೀರಿನ ವೇಗ ಕುಂದಿದ ಕಡೆ ತಳವೂರಿ, ಕೋಲಿನಂತೆ ಉದ್ದಕ್ಕೆ ಬೆಳೆದು, ಕಡೆಗೊಮ್ಮೆ ನದಿಯ ಬಾಯಿಯನ್ನೇ ಮುಚ್ಚಿಬಿಡುತ್ತವೆ. ಹಿಂದೆ ಸಿಕ್ಕಿಬಿದ್ದ ನೀರು ಹೊರಗಿನ ಸಮುದ್ರದ ಸದ್ದು ಕೇಳುತ್ತ ಸುಮ್ಮನೆ ನಿಂತಿರುತ್ತದೆ.

ಈ ಉಸುಕಿನ ಕೋಲಿಗೆ ಮರಾಠಿಯಲ್ಲಿ ‘ದಾಂಡಾ’ ಎನ್ನುತ್ತಾರೆ. ನನ್ನ ಬಾಳಿನ ಏಕೈಕ ದೊಡ್ಡ ಜಗಳ ಈ ಒಂದು ಶಬ್ದದ್ದು.

ಮಹಾರಾಷ್ಟ್ರದ ಗಡಿಯೂರು ಮೈಂದರ್ಗಿಯ ಶಾಲೆಯಲ್ಲಿ ನಾನು ಕನ್ನಡ ಮಾಧ್ಯಮಕ್ಕೆ, ಶಾಲಿನಿಬಾಯಿ ಮರಾಠಿ ಮಾಧ್ಯಮಕ್ಕೆ ಭೂಗೋಳ ಕಲಿಸುತ್ತಿದ್ದೆವು. ಮರಾಠಿಯಲ್ಲಿ ಶಿಕ್ಷಕಿಗೆ ‘ಬಾಯಿ’ ಎನ್ನುವುದು ವಾಡಿಕೆ. ನನ್ನ ಮಟ್ಟಿಗೆ ಆ ಬಿರುದು ಕನ್ನಡದಲ್ಲೂ ಒಪ್ಪುತ್ತಿತ್ತು. ಅಕ್ಕಲಕೋಟೆಯಿಂದ ಒಂದೇ ಎಸ್‌ಟಿ ಬಸ್ಸು, ಒಂದೇ ಸೀಟು, ಹಾದಿಯುದ್ದಕ್ಕೂ ಮಾತಿನ ಕೊಡುಕೊಳ್ಳುವಿಕೆ. ಮರಾಠಿಯವರು ಮರಳದಂಡೆಗೆ ಹೇಳುವ ‘ಪುಳಣ’ ನಮ್ಮ ಹಳಗನ್ನಡದ ‘ಪುಳಿನ’ದ ಬಳಗವೇ ಎಂದು ನಾನು ತೋರಿಸಿಕೊಟ್ಟ ದಿನ ಆಕೆ ಖುಷಿಯಿಂದ ತನ್ನ ಡಬ್ಬಿಯ ಶೇಂಗಾ ಹೋಳಿಗೆ ಪೂರ್ತಿ ನನಗೇ ಕೊಟ್ಟಿದ್ದಳು. ಸಮುದ್ರವನ್ನು ನಾವಿಬ್ಬರೂ ಕಂಡಿರಲಿಲ್ಲ.

ಮರಾಠಿ ಪುಸ್ತಕ ನೋಡಿಕೊಂಡು ಕನ್ನಡದಲ್ಲಿ ಟಿಪ್ಪಣಿ ಬರೆಸುವುದು ನನ್ನ ರೂಢಿ. ಹೊಳೆಯ ದಡಕ್ಕೆ ನಮ್ಮ ಕಡೆ ‘ದಂಡಿ’ ಎನ್ನುತ್ತಾರಲ್ಲ, ದಾಂಡಾ ಎಂದರೆ ಅದೇ ಇರಬೇಕೆಂದು ಭಾವಿಸಿ ‘ಉಸುಕಿನ ದಂಡಿ’ ಎಂದು ವರ್ಷಗಟ್ಟಲೆ ಬರೆಸಿದೆ. ಮಕ್ಕಳು ಕೋಲು ಬಿಡಿಸಬೇಕಾದಲ್ಲಿ ದಡ ಬಿಡಿಸಿದರು, ನಾನು ಪೂರ್ತಿ ಅಂಕ ಕೊಟ್ಟೆ. ಅಕ್ಕಲಕೋಟೆಯ ತರಬೇತಿಯೊಂದರಲ್ಲಿ ‘ಉಸುಕಿನ ದಂಡಿ’ ಎಂದು ಬರೆದ ನನ್ನ ನಕ್ಷೆಯನ್ನು ಠೀವಿಯಿಂದ ಗೋಡೆಗೆ ತೂಗುಹಾಕಿದಾಗ ಶಾಲಿನಿಬಾಯಿ ಎದ್ದು ನಿಂತು, “ಬಾಯಿ, ದಂಡಿ ಅಲ್ರಿ ಅದು, ದಾಂಡಾ! ಚಿನ್ನಿ-ದಾಂಡು ಆಡ್ತಾರಲ್ರಿ, ಹಂಗ ಉದ್ದಕ ಇರ್ತದ!” ಎಂದು ನಕ್ಕಳು. ಸಭೆಯೆಲ್ಲ ನಕ್ಕಿತು.

ಮರುದಿನ ನಾನು ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತೆ. ಒಂದೆರಡು ದಿನದ ಮುನಿಸು ಅಂದುಕೊಂಡಿದ್ದೆ. ಇಂದು ಆಕೆಯೇ ಮಾತಾಡಿಸಲಿ, ನಾಳೆ ನೋಡೋಣ ಎನ್ನುತ್ತ ದಿನಕ್ಕೊಂದು ಕಣದಂತೆ ಬಿಗುಮಾನ ಬೆಳೆಯಿತು. ಆಕೆ ಮಾತಾಡಿಸಿದಾಗಲೂ ನಾನು ಹೂಂ ಎಂದಷ್ಟೇ ಹೇಳಿದೆ. ಇಬ್ಬರೂ ನಿವೃತ್ತರಾದೆವು, ಆಕೆ ಕೊಂಕಣದ ಕರಾವಳಿಯಲ್ಲಿರುವ ತಮ್ಮನ ಮನೆಗೆ ಹೋದಳು. ಹಬ್ಬಕ್ಕೊಮ್ಮೆ ಬರುವ ಆಕೆಯ ಸಂದೇಶಗಳನ್ನು ಓದಿ, ಉತ್ತರಿಸದೆ ಬಿಟ್ಟೆ. ಒಟ್ಟು ಏಳು ವರ್ಷ. ಈ ಏಳು ವರ್ಷಗಳಲ್ಲಿ ಆಕೆಯಷ್ಟು ಬೇಕಾದವರು ನನಗೆ ಇನ್ನೊಬ್ಬರು ಸಿಗಲಿಲ್ಲ. ನಿಜ ಹೇಳಬೇಕೆಂದರೆ, ನಾನು ಹುಡುಕಲೂ ಇಲ್ಲ.

ಕಳೆದ ವಾರ ಬಂದದ್ದು ಧ್ವನಿಸಂದೇಶ. “ಬಾಯಿ, ಇಲ್ಲಿ ನದಿ ಬಾಯಿಗಿ ದಾಂಡಾ ಪೂರಾ ಮುಚ್ಚೇದ ನೋಡ್ರಿ. ಮಳಿಗಾಲದಾಗ ಒಳಗಿನ ನೀರ ತುಂಬಿ ಒಡಕೊಂಡ ಹೊರಗ ಹೋಗ್ತದಂತ. ಅದರ ಮ್ಯಾಲ ನಿಂತೀನಿ. ಒಮ್ಮಿ ಬರ್ರಿ.”

ನಾಲ್ಕು ಸಲ ಕೇಳಿದೆ. ದಾಂಡಾವನ್ನು ಕಟ್ಟುವುದು ಹೊರಗಿನ ಗಾಳಿ ಮತ್ತು ಅಲೆ. ಮಳೆಗಾಲದಲ್ಲಿ ಅದನ್ನು ಸೀಳುವುದು ಬಹುಮಟ್ಟಿಗೆ ಒಳಗಿನ ನೀರು. ಹೆಸರು ತಪ್ಪಿದ್ದರೂ ಎಷ್ಟೋ ವರ್ಷ ನಾನೇ ಬರೆಸಿದ ಟಿಪ್ಪಣಿ ಇದು. ನಾನಾದರೋ ಹೊರಗಿನವರು ಬಂದು ಅಗೆಯಲಿ ಎಂದು ಕಾಯುತ್ತಿದ್ದೆ, ಅಗೆಯಲು ಬಂದವಳಿಗೂ ಅಡ್ಡ ನಿಂತಿದ್ದೆ.

ಫೋನ್ ಮಾಡಿದೆ. ಆಕೆ “ಹಲೋ” ಅಂದದ್ದೇ ತಡ, ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಗಿ, “ಅಲ್ಲಿ ಈಗ ಗಾಳಿ ಯಾವ ಕಡಿಂದ ಬೀಸಾಕತ್ತದ್ರಿ?” ಎಂದುಬಿಟ್ಟೆ.

ಆಕೆ ಕೇಳಿದಳು, “ಏಳ ವರ್ಷ ಆದಮ್ಯಾಲ ಗಾಳಿ ಕೇಳಾಕ ಫೋನ್ ಮಾಡೀರೇನ್ರಿ ಬಾಯಿ?”

“ಇಲ್ರಿ,” ಎಂದೆ. “ಅವತ್ತ ನೀವು ಹೇಳಿದ್ದ ಖರೆ ಇತ್ತು. ನಂದ ತಪ್ಪಿತ್ತು.”

ಆಕೆ ನಗಲಿಲ್ಲ. ಎಲ್ಲಿ ನಕ್ಕುಬಿಡುತ್ತಾಳೋ ಎಂದೇ ನಾನು ಏಳು ವರ್ಷ ಹೆದರಿದ್ದೆ.