ಕ್ಲಾರಿನೆಟ್ಟಿನ ಬಾಯಿಗೆ ಕಟ್ಟಿದ ಬಟ್ಟೆ

ಬ್ಯಾಂಡ್ ಮೇಷ್ಟ್ರ ಕೆಳತುಟಿಯ ಒಳಭಾಗದಲ್ಲಿ ಎರಡು ಹಲ್ಲಿನ ಗುರುತುಗಳಿದ್ದವು. ಗೀರುಗಳಲ್ಲ, ನೇರಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದ ಎರಡು ಗುಳಿ. ಕ್ಲಾರಿನೆಟ್ ಊದುವವರು ಕೆಳತುಟಿಯನ್ನು ಹಲ್ಲಿನ ಮೇಲೆ ಮಡಚಿಕೊಂಡು ಊದುತ್ತಾರೆ. ನಲವತ್ತು ವರ್ಷ ಹಾಗೆ ಮಡಚಿದರೆ ತುಟಿ ತಾನೇ ಏನು ಮಾಡೀತು? ಬ್ಯಾಂಡ್‌ಸೆಟ್ಟಿಗೆ ಸೇರುತ್ತೇನೆ ಅಂತ ಯಾರಾದರೂ ಬಂದರೆ ಮೇಷ್ಟ್ರು ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ತಮ್ಮ ತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಕ್ಕೆ ಮಗುಚಿ ತೋರಿಸಿ, "ನಿಂದು ತೋರ್ಸಲೇ" ಅನ್ನುತ್ತಿದ್ದರು. ಬಂದವನ ತುಟಿ ನುಣ್ಣಗಿದ್ದರೆ, "ಇದು ಬೀಡಿ ಸೇದೋ ತುಟಿ. ಎಣ್ಣೆ ಮಿಲ್ಲಿಗೆ ಹೋಗು" ಅಂತ ಅಟ್ಟಿಬಿಡುತ್ತಿದ್ದರು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿಗೇನೂ ಬರವಿರಲಿಲ್ಲ. ಎಷ್ಟೋ ಜನ ಹಾಗೆಯೇ ಹೋಗಿ ಅಲ್ಲಿ ಚೆನ್ನಾಗಿಯೇ ಬದುಕಿದರು.

ನಾನು ಮದುವೆಗಳ ವಿಡಿಯೊ ತೆಗೆಯುವವನು. ಊರಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮೆರವಣಿಗೆಯಲ್ಲಿ ಮೇಷ್ಟ್ರು ಮುಂದಕ್ಕೆ ನಡೆಯುತ್ತ ಊದಬೇಕು, ನಾನು ಅವರೆದುರು ಹಿಂದು ಹಿಂದಕ್ಕೆ ನಡೆಯುತ್ತ ಕ್ಯಾಮೆರಾ ಹಿಡಿಯಬೇಕು. ಎಷ್ಟೋ ವರ್ಷ ಹೀಗೆ ನಡೆದಿದ್ದೇವೆ. ಅವರ ಮುಖವನ್ನು ನಾನು ನೋಡಿದಷ್ಟು ಅವರ ಹೆಂಡತಿಯೂ ನೋಡಿರಲಿಕ್ಕಿಲ್ಲ. ನನ್ನ ಬೆನ್ನ ಹಿಂದೆ ಮೋರಿ ಬಂದರೆ ಮೇಷ್ಟ್ರು ಊದುತ್ತಲೇ ಎಡಗಡೆಯ ಹುಬ್ಬು ಎತ್ತುತ್ತಿದ್ದರು, ಕಲ್ಲಿದ್ದರೆ ಬಲಗಡೆಯದು. ಅಷ್ಟು ವರ್ಷಗಳಲ್ಲಿ ನಾನು ಒಂದು ಸಲವೂ ಬೀಳಲಿಲ್ಲ.

ಹಾಗಂತ ಅವರು ಒಳ್ಳೆಯ ಮನುಷ್ಯರೆಂದು ಹೇಳಿದರೆ ಅವರೇ ಎದ್ದು ಬಂದು ಬಯ್ದಾರು. ನಾಲಿಗೆ ಕತ್ತರಿಯಂಥದ್ದು. ಆಂಧ್ರದ ಗಡಿಯ ದೇವಸಮುದ್ರದ ಕಡೆಯವರಾದ್ದರಿಂದ ಸಿಟ್ಟು ನೆತ್ತಿಗೇರಿದರೆ ಬೈಗುಳ ತೆಲುಗಿಗೆ ತಿರುಗುತ್ತಿತ್ತು. ಟ್ರಂಪೆಟ್ಟಿನವನು ಒಂದು ಸ್ವರ ತಪ್ಪಿದರೆ ಮದುವೆ ಗಂಡಿನೆದುರೇ ಮೆರವಣಿಗೆ ನಿಲ್ಲಿಸಿ, "ಊದರಾ ನಾಯನಾ, ಊದು, ನಿಮ್ಮಪ್ಪನ ತಿಥಿ ಅಲ್ಲ ಇದು" ಅನ್ನುತ್ತಿದ್ದರು. ಒಮ್ಮೆ ಹಾಗೆ ಅಂದಾಗ ಆ ಟ್ರಂಪೆಟ್ಟಿನವನ ಅಪ್ಪ ಸತ್ತು ತಿಂಗಳೂ ಆಗಿರಲಿಲ್ಲ. "ಊದೋನಿಗೆ ಉಸಿರು ಇರ್ಬೇಕು, ಕರುಣೆ ಬೇಕಾಗಿಲ್ಲ" ಎಂಬುದು ಅವರ ಮಾತು.

ಆ ಕಾಲದಲ್ಲಿ ಅವರಿಗೆ ಅದು ಸಲ್ಲುತ್ತಿತ್ತು. ಪುರೋಹಿತರು ಮುಹೂರ್ತ ಇಟ್ಟರೂ ಮೇಷ್ಟ್ರು ಆ ದಿನ ಬಿಡುವಾಗಿದ್ದಾರೋ ಇಲ್ಲವೋ ಕೇಳಿಕೊಂಡೇ ಜನ ಲಗ್ನಪತ್ರಿಕೆ ಅಚ್ಚಿಗೆ ಕೊಡುತ್ತಿದ್ದರು. ಮೊಳಕಾಲ್ಮುರಿನ ಸೀರೆ ಮತ್ತು ಚಳ್ಳಕೆರೆಯ ಬ್ಯಾಂಡ್ ಇಲ್ಲದ ಮದುವೆಯನ್ನು ನಮ್ಮ ಕಡೆ ಓಡಿಹೋಗಿ ಆದ ಮದುವೆ ಎನ್ನುತ್ತಿದ್ದರು. ಆಮೇಲೆ ಡಿಜೆ ಗಾಡಿಗಳು ಬಂದವು. ಬ್ಯಾಂಡಿನಲ್ಲಿದ್ದವರು ಒಬ್ಬೊಬ್ಬರೇ ಜಾರಿಕೊಂಡರು. ಡ್ರಮ್ಮಿನವನು ಕುದಾಪುರದಲ್ಲಿ ಕಾವಲು ಕೆಲಸಕ್ಕೆ ಸೇರಿಕೊಂಡ. ಆದರೂ ಮೇಷ್ಟ್ರು ಮುಗಿದಿರಲಿಲ್ಲ. ಉಳಿದ ನಾಲ್ಕು ಜನರನ್ನು ಕಟ್ಟಿಕೊಂಡು ಹಳ್ಳಿಗಳಲ್ಲಿ ಊದುತ್ತಿದ್ದರು. ಹಳೆಯ ಮನೆತನದವರು ಕರೆಯುತ್ತಿದ್ದರು. ಕರೆಯುವವರು ಇರುವ ತನಕ ಅವರಿಗೆ ಬೇರೇನೂ ಬೇಕಿರಲಿಲ್ಲ.

ಆಗ ಬೆಂಗಳೂರಿನಿಂದ ಒಬ್ಬ ನಿರ್ದೇಶಕಿ ಬಂದರು. ಬಯಲುಸೀಮೆಯ ಬ್ಯಾಂಡ್‌ಸೆಟ್ಟುಗಳು ಹೇಗೆ ಮೆರೆದವು, ಹೇಗೆ ಅಳಿದವು ಎಂಬುದರ ಬಗ್ಗೆ ಸಾಕ್ಷ್ಯಚಿತ್ರ. ಮೆರೆದದ್ದಕ್ಕೆ ನನ್ನ ಹಳೆಯ ಮದುವೆ ಕ್ಯಾಸೆಟ್ಟುಗಳಿದ್ದವು, ಎಲ್ಲವನ್ನೂ ಕೊಟ್ಟೆ. ಸಿನಿಮಾದವರು ನನ್ನ ಸ್ಟುಡಿಯೊದ ಮುರುಕು ಕುರ್ಚಿಯಲ್ಲಿ ಕೂತು ಟೀ ಕುಡಿದದ್ದೇ ನನಗೆ ದೊಡ್ಡಸ್ತಿಕೆ. ಕೇಳಿದ್ದಕ್ಕೂ ಹೇಳಿದೆ, ಕೇಳದಿದ್ದಕ್ಕೂ ಹೇಳಿದೆ.

ಕೇಳದೆ ಹೇಳಿದ್ದರಲ್ಲಿ ಒಂದು ಇದು. ನಮ್ಮ ಕಡೆಯ ಬ್ಯಾಂಡಿನವರಲ್ಲಿ ಒಂದು ರೂಢಿಯಿದೆ. ಮನೆಯಲ್ಲಿ ಸೂತಕವಾದರೆ ವಾದ್ಯದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮೊಳೆಗೆ ತೂಗುಹಾಕುತ್ತಾರೆ. ಸೂತಕ ಕಳೆದ ಮೇಲೂ ತಾವಾಗಿ ಬಿಚ್ಚುವಂತಿಲ್ಲ. ಮದುವೆಗೋ ನಾಮಕರಣಕ್ಕೋ ಯಾರಾದರೂ ಕರೆಯಬೇಕು, ಆ ಮನೆಯ ಮುತ್ತೈದೆ ವಾದ್ಯಕ್ಕೆ ಅರಿಶಿನ ಕುಂಕುಮ ಹಚ್ಚಿ ತನ್ನ ಕೈಯಾರೆ ಗಂಟು ಬಿಚ್ಚಬೇಕು. ಊದುವವನೇ ಸತ್ತರೆ ಕೊನೆಯ ಸಲ ಕಟ್ಟುತ್ತಾರೆ, ಅದನ್ನು ಯಾರೂ ಬಿಚ್ಚುವುದಿಲ್ಲ. ಇಷ್ಟು ಕೇಳಿದ ಕೂಡಲೇ ನಿರ್ದೇಶಕಿ ಟೀ ಲೋಟ ಕೆಳಗಿಟ್ಟರು. "ನನ್ನ ಚಿತ್ರಕ್ಕೆ ಕೊನೆ ಸಿಕ್ಕಿತು" ಅಂದರು.

ಮೇಷ್ಟ್ರು ಒಪ್ಪಲಿಲ್ಲ. "ಮನೆಯಾಗೆ ಯಾರು ಸತ್ತವ್ರೆ ಅಂತ ಕಟ್ಲಮ್ಮ?" ಅಂದರು.

"ಬರೀ ಶೂಟಿಂಗಿಗೆ ಮೇಷ್ಟ್ರೇ, ಒಂದೇ ಒಂದು ಸಲ" ಅಂತ ಆಕೆ ಬೇಡಿಕೊಂಡರು. ಒಳ್ಳೆಯ ಹೆಣ್ಣುಮಗಳು. ಮೇಷ್ಟ್ರ ಮೇಲೆ ನಿಜವಾದ ಗೌರವವಿತ್ತು. ಅದೇ ತೊಂದರೆಯಾಯಿತು. ಗೌರವ ಇಲ್ಲದವರಾಗಿದ್ದರೆ ಮೇಷ್ಟ್ರು ಬಯ್ದು ಕಳಿಸುತ್ತಿದ್ದರು.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಸಿನಿಮಾದಾಗೆ ಬಂದ್ರೆ ಬಳ್ಳಾರಿ ತನಕ ಕರೀತಾರೆ ಅಂತೀಯಾ?"

"ಕರೀದೆ ಏನ್ ಮೇಷ್ಟ್ರೇ."

"ಕಟ್ಟಿದ್ದನ್ನ ಬಿಚ್ಚೋರು ಯಾರು?"

"ಕಾರ್ತೀಕಕ್ಕೆ ನನ್ನ ಮಗಳ ಮದುವೆ ಐತಲ್ಲ. ನೀವೇ ಊದ್ಬೇಕು. ನನ್ನ ಹೆಂಡ್ತಿ ಬಿಚ್ತಾಳೆ."

ಅದು ಆಷಾಢ. ಮದುವೆಗಳಿಲ್ಲದ ತಿಂಗಳು. ಮೇಷ್ಟ್ರು ಬಟ್ಟೆ ಕೈಗೆ ತೆಗೆದುಕೊಂಡರು, ಬೆರಳು ಆಡಲಿಲ್ಲ. "ನನ್ನ ಕೈಯಾಗೆ ಆಗಲ್ಲ. ನೀನೇ ಕಟ್ಟು" ಅಂದರು. ನಾನು ಕಟ್ಟಿದೆ. ಚೆನ್ನಾಗಿ ಕಾಣಲಿ ಅಂತ ಎರಡು ಸುತ್ತು ಸುತ್ತಿ, ಬಿಗಿಯಾಗಿ ಜೋಡಿ ಗಂಟು ಹಾಕಿದೆ. ತೆರೆಯ ಮೇಲೆ ಹತ್ತಿರದಿಂದ ಕಾಣುವ ಆ ಕೈಗಳು ನನ್ನವು. ನೋಡಿದವರೆಲ್ಲ ಮೇಷ್ಟ್ರದ್ದೆಂದುಕೊಂಡರು, ನಿರ್ದೇಶಕಿಗೂ ಹಾಗೆಯೇ ಬೇಕಿತ್ತು.

ಅದೇ ದಿನ ಮೇಷ್ಟ್ರು ಇನ್ನೊಂದು ಕಥೆಯನ್ನೂ ಕ್ಯಾಮೆರಾಕ್ಕೆ ಹೇಳಿದ್ದರು. ತಾವು ಹೊಸದಾಗಿ ಬ್ಯಾಂಡ್ ಕಟ್ಟಿದಾಗ ಕೊಂಡ್ಲಹಳ್ಳಿಯ ಒಂದು ಮದುವೆಗೆ ಓಲಗದ ಮುದುಕನನ್ನೂ ಕರೆಸಿದ್ದರಂತೆ. ಮುದುಕ ಏನು ನುಡಿಸಿದರೂ ಮೇಷ್ಟ್ರು ಅವನ ಕಿವಿಯ ಹತ್ತಿರ ಹೋಗಿ ಅದನ್ನೇ ಒಂದು ಸ್ಥಾಯಿ ಮೇಲೆ ಊದಿದರಂತೆ. ಕೊನೆಗೆ ಮುದುಕ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ, ಜನ ಚಪ್ಪಾಳೆ ತಟ್ಟಿದರು. "ಅವತ್ತಿಂದ ಆ ಮುದುಕನ್ನ ಒಬ್ರೂ ಕರೀಲಿಲ್ಲ" ಅಂತ ಹೇಳಿ ಮೇಷ್ಟ್ರು ತೊಡೆ ತಟ್ಟಿಕೊಂಡು ನಕ್ಕಿದ್ದರು. ಚಿತ್ರದಲ್ಲಿ ಅದು ಇಲ್ಲ. ಅದನ್ನಿಟ್ಟರೆ ನೋಡುವವರಿಗೆ ಅವರ ಮೇಲೆ ಕನಿಕರ ಹುಟ್ಟುವುದಿಲ್ಲವಂತೆ.

ಶ್ರಾವಣಕ್ಕೆ ಮುಂಚೆಯೇ ಚಿತ್ರದ ಒಂದು ತುಣುಕು ಎಲ್ಲರ ಮೊಬೈಲಿಗೂ ಬಂತು. ಬಿಳಿ ಬಟ್ಟೆ, ಗಂಟು, ಮೊಳೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಜನ ಮೇಷ್ಟ್ರನ್ನು ತಡೆದು ಕೈ ಹಿಡಿದುಕೊಂಡು, "ಊದೋದು ಬಿಟ್ಬುಟ್ರಂತಲ್ಲ ಮೇಷ್ಟ್ರೇ, ಛೇ" ಅಂತ ಮರುಗಿದರು. "ಯಾವನ್ಲೇ ಅಂದೋನು? ಕಾರ್ತೀಕದಾಗೆ ಬಾ, ತೋರಿಸ್ತೀನಿ" ಅಂತ ಇವರು ರೇಗಿದರೆ, ಪಾಪ, ಒಪ್ಪಿಕೊಳ್ಳಲು ಆಗುತ್ತಿಲ್ಲ ಅಂತ ಇನ್ನಷ್ಟು ಮರುಗಿದರು. ಪ್ರತಿ ಶ್ರಾವಣದಲ್ಲೂ ತಪ್ಪದೆ ಕರೆಯುತ್ತಿದ್ದ ಮನೆಗಳವರು ಆ ಸಲ ಕರೆಯಲಿಲ್ಲ.

ದಸರಾ ಕಳೆದ ಮೇಲೆ ಊರಿನ ಕಲ್ಯಾಣಮಂಟಪದಲ್ಲಿ ಚಿತ್ರ ತೋರಿಸಿದರು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಬ್ಯಾಂಡಿನ ಬಿಳಿ ಕೋಟು ಹಾಕಿಕೊಂಡು ಕೂತಿದ್ದರು. ತಮ್ಮ ಹಳೆಯ ಮೆರವಣಿಗೆಗಳನ್ನು ನೋಡುತ್ತ ಮೊಣಕೈಯಲ್ಲಿ ನನಗೆ ತಿವಿಯುತ್ತಿದ್ದರು. ಕೊನೆಗೆ ನನ್ನ ಕೈಗಳು ಬಂದವು. ಗಂಟು ಬಿತ್ತು. ತೆರೆ ಕಪ್ಪಾಯಿತು, ಹೆಸರುಗಳು ಮೇಲೇರತೊಡಗಿದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮೇಷ್ಟ್ರು ಮಾತ್ರ ತೆರೆಯನ್ನೇ ನೋಡುತ್ತಿದ್ದರು. ನನ್ನ ತೋಳು ಹಿಡಿದು, "ಬಿಚ್ಚೋದು ಯಾವಾಗ ಬರ್ತೈತೆ?" ಅಂತ ಕೇಳಿದರು. ದೀಪ ಹಾಕಿದ ಮೇಲೂ ಅವರು ಕಾಯುತ್ತಲೇ ಇದ್ದರು.

ನಮ್ಮ ಬೀಗರು ರಾಯದುರ್ಗದ ಕಡೆಯವರು. ಅವರ ಮನೆಯಲ್ಲೂ ಆ ತುಣುಕು ನೋಡಿದ್ದರು. ಮದುವೆಗೆ ವಾರವಿದೆ ಎನ್ನುವಾಗ ಗಂಡಿನ ಸೋದರತ್ತೆ ಫೋನು ಮಾಡಿ, "ಬಾಯಿ ಕಟ್ಟಿದ ವಾದ್ಯ ನಮ್ಮ ಹುಡುಗನ ಮುಂದೆ ಬರಬಾರ್ದು ರೀ. ಡಿಜೆ ನಾವೇ ತರ್ತೀವಿ" ಅಂದರು. ಅದು ಬರೀ ಶೂಟಿಂಗಿಗೆ ಕಟ್ಟಿದ್ದು, ಕಟ್ಟಿದವನೂ ನಾನೇ ಅಂತ ಒಂದು ಮಾತು ಹೇಳಬಹುದಿತ್ತು. "ಆಯ್ತು ಅತ್ತೆಮ್ಮ, ನೀವು ಹೇಳಿದಂಗೇ ಆಗ್ಲಿ" ಅಂದೆ. ಮೇಷ್ಟ್ರಿಗೆ ಬರಬೇಡಿ ಎನ್ನುವ ಧೈರ್ಯವೂ ನನಗೆ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ವಾರ ಕಳೆದೆ.

ಮದುವೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವರು ಅವರು. ಕೋಟಿಗೆ ಇಸ್ತ್ರಿ ಮಾಡಿಸಿದ್ದರು, ಹೊಸದಾಗಿ ಕ್ಷೌರವಾಗಿತ್ತು. ಬಾಯಿ ಕಟ್ಟಿದ ಕ್ಲಾರಿನೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಛತ್ರದ ಬಾಗಿಲ ಪಕ್ಕದಲ್ಲಿ ನಿಂತಿದ್ದರು. ಅಷ್ಟರಲ್ಲಿ ಡಿಜೆ ಗಾಡಿ ಬಂದು ನಿಂತಿತು. ನನ್ನ ಹೆಂಡತಿಗೆ ಈ ಫೋನಿನ ವಿಷಯವೇನೂ ಗೊತ್ತಿರಲಿಲ್ಲ. ಅರಿಶಿನ, ಕುಂಕುಮ, ಹೂವಿನ ತಟ್ಟೆ ಹಿಡಿದು ಮೇಷ್ಟ್ರ ಕಡೆ ಹೊರಟಳು. ನಾನು ಅವಳ ಮುಂಗೈ ಹಿಡಿದೆ.

"ಬೇಡ. ಬೀಗರು ನೋಡ್ತಾ ಅವ್ರೆ."

"ಮಾತು ಕೊಟ್ಟೋರು ನೀವೇ ಅಲ್ವೇನ್ರೀ?"

ಅವಳು ಆ ಕಡೆಯಿಂದ ತಿರುಗುವ ತನಕ ನಾನು ಕೈ ಬಿಡಲಿಲ್ಲ. ಅವಳು ಆ ತಟ್ಟೆಯನ್ನು ಒಯ್ದು ಗಂಡಿನ ಕಾರಿಗೆ ಕುಂಕುಮ ಹಚ್ಚಿದಳು. ಮೇಷ್ಟ್ರು ಅದನ್ನೆಲ್ಲ ನಿಂತು ನೋಡಿದರು. ನಾನು ಹತ್ತಿರ ಹೋಗಿ, "ಊಟ ಮಾಡ್ಕಂಡು ಹೋಗಿ ಮೇಷ್ಟ್ರೇ" ಅಂದೆ. ಡಿಜೆಯ ಸದ್ದಿಗೆ ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಕೂಗಿ ಹೇಳಿದೆ. ಅವರು ನನ್ನ ಕಿವಿಗೆ ಬಾಯಿ ತಂದರು.

"ನಾನು ಆ ಮುದುಕನ ಹತ್ರಕ್ಕೆ ಹೋಗಿ ಊದಿದ್ದೆ ಕಣಲೇ. ನೀನು ದೂರದಾಗೆ ನಿಂತ್ಕಂಡೇ ಮುಗಿಸ್ಬುಟ್ಟೆ."

ಹೇಳಿ ಊಟಕ್ಕೆ ಕೂತರು. ಮದುವೆ ಮನೆಯಲ್ಲಿ ಉಣ್ಣದೆ ಹೋದರೆ ಹೆಣ್ಣುಮಗುವಿಗೆ ಒಳ್ಳೆಯದಲ್ಲ ಅಂತ ಪಾಯಸ ಬರುವ ತನಕ ಕೂತು, ಎಲೆ ಮಡಚಿ ಎದ್ದರು. ತೆಲುಗಿನಲ್ಲಾದರೂ ಎರಡು ಬಯ್ದಿದ್ದರೆ ನನಗೆ ಅವತ್ತು ಅನ್ನ ಇಳಿಯುತ್ತಿತ್ತು. ಮೆರವಣಿಗೆಯಲ್ಲಿ ಕ್ಯಾಮೆರಾ ಹಿಡಿದಿದ್ದ ನಮ್ಮ ಸ್ಟುಡಿಯೊದವನು ಡಿಜೆ ಗಾಡಿಯೆದುರು ಹಿಂದಕ್ಕೆ ನಡೆಯುತ್ತ ಮೋರಿಗೆ ಬಿದ್ದು ಕಾಲು ಉಳುಕಿಸಿಕೊಂಡ. ಗಾಡಿಗೆ ಹುಬ್ಬು ಎಲ್ಲಿಂದ ಬರಬೇಕು.

ಆಮೇಲೆ ಅವರು ಒಂದೇ ಸಲ ನನ್ನ ಸ್ಟುಡಿಯೊಗೆ ಬಂದಿದ್ದರು. ಯಾವುದೋ ಅರ್ಜಿಗೆ ಫೋಟೊ ಬೇಕಿತ್ತು. ತೆಗೆಸಿಕೊಂಡು ಹೊರಡುವಾಗ ಬಾಗಿಲಲ್ಲಿ ನಿಂತು, ಹಳೆಯ ಅಭ್ಯಾಸದಂತೆ ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಕ್ಕೆ ಮಗುಚಿದರು. ನೇರಳೆ ಬಣ್ಣ ಹೋಗಿತ್ತು. ಗುಳಿಗಳೂ ತುಂಬಿಕೊಂಡಿದ್ದವು. "ನೋಡ್ದಾ? ಬೀಡಿ ಸೇದೋ ತುಟಿ" ಅಂದು ಮೆಟ್ಟಿಲಿಳಿದು ಹೋದರು.

ಈ ಬೇಸಿಗೆಯಲ್ಲಿ ಮೇಷ್ಟ್ರು ತೀರಿಕೊಂಡರು. ಕುದಾಪುರದಿಂದ ಡ್ರಮ್ಮಿನವನು ಕಾವಲಿನ ಸಮವಸ್ತ್ರದಲ್ಲೇ ಓಡಿ ಬಂದಿದ್ದ. ದಾರಿಯಲ್ಲಿ ಅಂಗಡಿಯ ಮುಂದೆ ನಿಂತು ಹೊಸ ಬಿಳಿ ಬಟ್ಟೆ ತಂದಿದ್ದ, ಕೊನೆಯ ಸಲ ಕಟ್ಟಲು. ಗೋಡೆಯ ಮೊಳೆಯಿಂದ ಕ್ಲಾರಿನೆಟ್ ಇಳಿಸಿ ಹಾಗೇ ನಿಂತ. ಮೇಷ್ಟ್ರ ಹೆಂಡತಿ ಮೂಲೆಯಲ್ಲಿ ಕೂತಲ್ಲಿಂದಲೇ, "ಅದು ಕಟ್ಟೇ ಐತೆ ಕಣಪ್ಪ" ಅಂದರು. ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ತೆಗೆದು ಹೊಸದನ್ನಾದರೂ ಕಟ್ಟೋಣವೆಂದು ಡ್ರಮ್ಮಿನವನು ಉಗುರು ಹಾಕಿ ನೋಡಿದ. ಗಂಟು ಅಲ್ಲಾಡಲಿಲ್ಲ. ತಂದ ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡು ನನ್ನ ಕಡೆ ನೋಡಿದ.

"ಏಟು ಬಿಗಿಯಾಗಿ ಕಟ್ಕಂಡವ್ರೆ ನೋಡಣ್ಣ. ಸಿನಿಮಾದಾಗೆ ನೋಡಿದ್ವಲ್ಲ, ಅದೇ ಗಂಟು. ಮೇಷ್ಟ್ರೇ ಕೈಯಾರೆ ಕಟ್ಟಿದ್ದಲ್ವಾ?"

ನಾನು ಹೂಂ ಅಂದೆ.