ಮಡಂತ್ಯಾರಿನ ಮದುವೆಯಲ್ಲಿ ಬ್ಲೂಸ್

ಮಡಂತ್ಯಾರಿನ ಇಗರ್ಜಿ ಹತ್ತಿರದ ಈ ಮದುವೆಮನೆಗೆ ನನಗೆ ಆಮಂತ್ರಣ ಇರಲಿಲ್ಲ. ಬೊಂಬಾಯಿಯ ಬ್ಯಾಂಡೊಂದು ಕರೆಂಟಿನ ಗಿಟಾರು ತರುತ್ತದೆಂದು ಕೇಳಿ ಬಂಟ್ವಾಳದಲ್ಲಿ ಬಸ್ಸು ಹತ್ತಿದೆ. ರೇಡಿಯೋದ ಗರಗರದ ನಡುವೆ ವರ್ಷಗಟ್ಟಲೆ ಬ್ಲೂಸ್ ಎಂಬ ಅಮೆರಿಕದ ನೋವಿನ ಹಾಡು ಕೇಳಿದವನಿಗೆ ಇದಕ್ಕಿಂತ ದೊಡ್ಡ ಕರೆಯೋಲೆ ಬೇಕೆ? ಇಸ್ತ್ರಿ ಹಾಕಿದ ಅಂಗಿ ತೊಟ್ಟು, ತಲೆ ಎತ್ತಿ ಚಪ್ಪರದೊಳಗೆ ನಡೆದೆ. ಯಾರೂ ತಡೆಯಲಿಲ್ಲ.

ಮೊದಲೆಲ್ಲ ಕುಣಿತದ ಹಾಡುಗಳೇ. ಕತ್ತಲಾಗುತ್ತಲೇ ಗಿಟಾರಿನವನು ಕಣ್ಣು ಮುಚ್ಚಿ ನಿಧಾನದ ಬ್ಲೂಸ್ ಒಂದನ್ನು ಎತ್ತಿಕೊಂಡ. ತಂತಿ ಮನುಷ್ಯನ ಹಾಗೆ ಬಿಕ್ಕಿತು. ನನಗೆ ಮೈ ಜುಮ್ಮೆಂದಿತು, ಕುಣಿಯುತ್ತಿದ್ದವರು ನಿಂತುಬಿಟ್ಟರು. ಮದುಮಗಳ ಚಿಕ್ಕಪ್ಪ ವೇದಿಕೆಯತ್ತ ಧಾವಿಸಿದರು.

"ಎಂತ ಮಾರಾಯ ಇದು, ಮದುವೆಮನೆಯಲ್ಲಿ ಅಳುವ ಪದ್ಯ? ನಿಲ್ಲಿಸು!"

ಗಿಟಾರು ನಿಂತಿತು. ನಾನು ಎದ್ದು ಹೋಗಿ ಅವರ ಎದುರು ನಿಂತು, ಇಲ್ಲಿನ ಕ್ರೈಸ್ತ ಹಿರಿಯರನ್ನು ಕರೆಯುವ ಹಾಗೆ ಮರ್ಯಾದೆಯಿಂದಲೇ ಪೊರ್ಬು ಎಂದು ಕರೆದೆ.

"ಪೂರ್ತಿ ಕೇಳಿ ಪೊರ್ಬುಗಳೇ. ಇಂಥದ್ದು ನಮ್ಮ ಊರಿಗೆ ಇನ್ನೊಮ್ಮೆ ಬರ್ಲಿಕ್ಕಿಲ್ಲ."

"ನೀವು ಯಾರ ಕಡೆಯವರು?"

"ಗಿಟಾರಿನ ಕಡೆಯವನು," ಎಂದೆ.

ಯಾರೋ ನಕ್ಕರು. ಚಿಕ್ಕಪ್ಪ ನಗಲಿಲ್ಲ. ನನ್ನ ತೋಳು ಹಿಡಿದು ಹೊರಗೆ ದಬ್ಬುವಷ್ಟರಲ್ಲಿ ಮದುಮಗಳೇ ಎದ್ದು ಬಂದು ಚಿಕ್ಕಪ್ಪನ ಕಡೆ ತಿರುಗಿದಳು.

"ನುಡಿಸಲಿ ಬಿಡಿ, ಬಾಪ್ಪು. ನಾಳೆಯಿಂದ ನಾನು ಈ ಮನೆಯಲ್ಲಿಲ್ಲ. ಅಳುವ ಪದ್ಯ ಒಂದಾದ್ರೂ ಬೇಡವಾ?"

ಗಿಟಾರಿನವನಿಗೆ ಅವಳೇ ಕೈಸನ್ನೆ ಮಾಡಿದಳು. ಗಿಟಾರು ಮೊದಲಿನಿಂದ ಶುರುವಾಯಿತು. ಅವಳು ನನ್ನ ತೋಳಿನಿಂದ ಚಿಕ್ಕಪ್ಪನ ಕೈ ಬಿಡಿಸಿ, ಆ ಕೈಯನ್ನೇ ಹಿಡಿದು ಅವರನ್ನು ಕುಣಿಯಲು ಕರೆದೊಯ್ದಳು.