ಬೋರ್ಡಿಗೆ ಬೆನ್ನು

ನಮ್ಮ ಅತ್ತಿಗೆಯ ಕಣ್ಣಿಗೆ ಬಿದ್ದ ತಪ್ಪು ತಪ್ಪಿಸಿಕೊಂಡು ಹೋದದ್ದೇ ಇಲ್ಲ. ಅಣ್ಣನನ್ನು ಮದುವೆಯಾಗಿ ಬಂದ ಹೊಸದರಲ್ಲೇ, ನನ್ನ ಜಡೆ ಓರೆಯಾಗಿದೆಯೆಂದು ಪೂರ್ತಿ ಬಿಚ್ಚಿಸಿ ಮತ್ತೆ ಹೆಣೆದವಳು ಅವಳು. ಆಗ ನನಗೆ ಮೈಯೆಲ್ಲ ಉರಿದಿತ್ತು. ಈಗಲೂ ಒಮ್ಮೊಮ್ಮೆ ಉರಿಯುತ್ತದೆ. ಆದರೆ ಅದು ಅವಳಿಗೆ ಅನ್ನ ಕೊಟ್ಟ ವಿದ್ಯೆ, ಸುಮ್ಮನೆ ಬೈಯುವ ಹಾಗಿಲ್ಲ. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕರ್ ಆಗಿದ್ದಳು. ಹೊಲಿದ ಅಂಗಿಗಳು ಒಂದರ ಹಿಂದೊಂದು ಮೇಜಿನ ಮೇಲೆ ಬಂದು ಬೀಳುತ್ತವೆ. ಒಳಗೂ ಹೊರಗೂ ತಿರುವಿ ನೋಡಿ, ಹೊಲಿಗೆ ಕೆಟ್ಟ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಹಿಂದಕ್ಕೆ ತಳ್ಳಬೇಕು. ಸರಿಯಾಗಿರುವ ಅಂಗಿಗೆ ಏನೂ ಇಲ್ಲ, ಅದು ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಮೆಷಿನ್ನಿನ ಹೆಂಗಸರು ಅವಳಿಗೆ ಕೊಕ್ಕೆ ಮೇಡಂ ಎಂದು ಹೆಸರಿಟ್ಟಿದ್ದರು.

ಕಾರ್ಖಾನೆ ಮುಚ್ಚಿತು. ನಲವತ್ತು ದಾಟಿದವಳನ್ನು ಬೇರೆ ಕಾರ್ಖಾನೆಯವರು ಗೇಟಿನಲ್ಲೇ ಕೈಮುಗಿದು ಕಳಿಸಿದರು. ದೂರದೂರಿಗೆ ಬಸ್ಸು ಓಡಿಸುವ ನಮ್ಮಣ್ಣ ಒಂದು ದಿನ ಊಟಕ್ಕೆ ಕೂತಾಗ, "ಟೀಚರ್ ಟ್ರೇನಿಂಗ್‌ಗೆ ಸೇರ್ಕೊ. ಹೇಗೂ ಮನೇಲಿ ಎಲ್ರಿಗೂ ಪಾಠ ಹೇಳ್ತಾನೇ ಇದೀಯಲ್ಲ" ಎಂದ. ಅವನು ಹೇಳಿದ್ದು ತಮಾಷೆಗೆ. ಅವಳು ಮರುದಿನವೇ ಪೆಟ್ಟಿಗೆಯ ತಳದಿಂದ ತನ್ನ ಹಳೆಯ ಪದವಿ ಪತ್ರ ತೆಗೆದು ಧೂಳು ಒರೆಸಿದಳು.

ಆಮೇಲಿನದು ಬರೀ ದಣಿವಿನ ಕಥೆ. ಬೆಳಗ್ಗೆ ಎದ್ದು ಅಡುಗೆ ಮಾಡಿ, ಇಬ್ಬರು ಹೆಣ್ಣುಮಕ್ಕಳ ಡಬ್ಬಿ ತುಂಬಿ, ಒದ್ದೆ ಕೂದಲನ್ನು ಹಾಗೇ ಗಂಟು ಕಟ್ಟಿ ಬಸ್ಸಿಗೆ ಓಡುತ್ತಿದ್ದಳು. ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ನನಗೆ ಮಧ್ಯಾಹ್ನದ ಪಾಳಿ, ಹಾಗಾಗಿ ಮಕ್ಕಳನ್ನು ಶಾಲೆಗೆ ಅಟ್ಟುವುದು ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿ ಜೊತೆಯವರು ಇವಳ ಅರ್ಧ ವಯಸ್ಸಿನವರು, ಇವಳನ್ನು ಆಂಟಿ ಎನ್ನುತ್ತಿದ್ದರು. ಮಕ್ಕಳ ಮನಶ್ಶಾಸ್ತ್ರದ ತರಗತಿಯಲ್ಲಿ ಇವಳಿಗೆ ತೂಕಡಿಕೆ. "ಮಕ್ಕಳ ಮನಸ್ಸಿನ ಬಗ್ಗೆ ಪಾಠ ನಡೀತಿತ್ತು ಕಣೇ, ನಾನು ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ ಅಂತ ಯೋಚಿಸ್ತಿದ್ದೆ" ಎನ್ನುತ್ತಿದ್ದಳು. ಸಂಜೆ ಬಂದರೆ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪಾಠಯೋಜನೆ.

ಕಾರ್ಖಾನೆಯಲ್ಲಿ ಉಳಿದಿದ್ದ ಸ್ಟಿಕ್ಕರ್ ಸುರುಳಿಗಳನ್ನು ಅವಳು ಮನೆಗೆ ತಂದಿದ್ದಳು. ಮಕ್ಕಳ ಹೋಂವರ್ಕಿನಲ್ಲಿ ತಪ್ಪು ಕಂಡಲ್ಲೆಲ್ಲ ಕೆಂಪು ಬಾಣ. ದೊಡ್ಡವಳು ಮುಖ ಗಂಟಿಕ್ಕಿ ತಿದ್ದುತ್ತಿದ್ದಳು. ಮೂರನೇ ಕ್ಲಾಸಿನ ಚಿಕ್ಕವಳು ಮಾತ್ರ ಪುಸ್ತಕವನ್ನು ಅಮ್ಮನಿಗೆ ತೋರಿಸುವುದನ್ನೇ ಬಿಟ್ಟಳು. ನನ್ನ ಹತ್ತಿರ ಬಂದು, "ಅತ್ತೆ, ನೀವೇ ನೋಡಿ, ನಿಮಗೆ ಅಷ್ಟು ಗೊತ್ತಾಗಲ್ಲ" ಎಂದಳು. ನಗುತ್ತಲೇ ಅವಳ ಪುಸ್ತಕ ಬಿಡಿಸಿದೆ.

ಅಭ್ಯಾಸ ಪಾಠಕ್ಕೆ ಅವಳನ್ನು ಒಂದು ಪ್ರಾಥಮಿಕ ಶಾಲೆಗೆ ಹಾಕಿದರು. ತರಬೇತಿ ಕಾಲೇಜಿನ ಗೈಡ್ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದರು. ಭಾಗಾಕಾರದ ಪಾಠ. ಗಿಡ್ಡ ಜಡೆಯ ಹುಡುಗಿಯೊಬ್ಬಳನ್ನು ಬೋರ್ಡಿಗೆ ಕರೆದಳು. ಆ ಮಗು ಸೀಮೆಸುಣ್ಣ ಹಿಡಿದು ಕೈ ಎತ್ತಿದ್ದೇ ತಡ, ಸಮವಸ್ತ್ರದ ತೋಳಿನ ಹೊಲಿಗೆ ಬಿಟ್ಟಿರುವುದು ಅತ್ತಿಗೆಗೆ ಕಂಡಿತು. ಲೆಕ್ಕ ಅಲ್ಲೇ ಉಳಿಯಿತು. ಚೀಲಕ್ಕೆ ಕೈ ಹಾಕಿದವಳೇ ಒಂದು ಕೆಂಪು ಬಾಣ ತೆಗೆದು ಮಗುವಿನ ತೋಳಿಗೆ ಅಂಟಿಸಿಬಿಟ್ಟಳು. ಅಮ್ಮನಿಗೆ ತೋರಿಸಿ ಹೊಲಿಸಿಕೊಳ್ಳಲಿ ಎಂದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಇಡೀ ತರಗತಿ ಗೊಳ್ಳೆಂದಿತು. ಮಗು ಆ ತೋಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಜಾಗಕ್ಕೆ ಹೋಗಿ ಕೂತಿತು. ಆಮೇಲೆ ಏನು ಕೇಳಿದರೂ ತಲೆ ಎತ್ತಲಿಲ್ಲ.

ಗೈಡ್ ಮೇಡಂ ಪಾಠವನ್ನು ರದ್ದು ಮಾಡಿದರು. "ಅದು ಮಗು ಕಣಮ್ಮ, ಅಂಗಿ ಅಲ್ಲ. ಇನ್ನೊಂದು ಅವಕಾಶ ಕೊಡ್ತೀನಿ, ಇದೇ ತರಗತಿ, ಇದೇ ಪಾಠ. ಅದೂ ಕೆಟ್ಟರೆ ಮುಂದಿನ ವರ್ಷ ಮತ್ತೆ ಮೊದಲಿಂದ."

ಆ ವಾರವೆಲ್ಲ ಪಾತ್ರೆ ತೊಳೆಯುತ್ತ ಅತ್ತಿಗೆ ನಲ್ಲಿಯನ್ನು ಹಾಗೇ ಬಿಟ್ಟು ನಿಂತಿರುತ್ತಿದ್ದಳು. "ಇನ್ನೊಂದು ವರ್ಷ ನನ್ನ ಕೈಲಾಗಲ್ಲ ಕಣೇ. ಮೈಯಲ್ಲಿ ಏನೂ ಉಳಿದಿಲ್ಲ. ಕಣ್ಣು ತಾನಾಗೇ ಹೋಗುತ್ತೆ, ನಾನೇನು ಮಾಡ್ಲಿ?" ಎಂದಳು. ಜಡೆಯ ಹಳೇ ಲೆಕ್ಕ ಚುಕ್ತಾ ಮಾಡಲು ಇದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗುತ್ತಿರಲಿಲ್ಲ. ಆದರೆ ಪಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಂಡು ನಾನೇ ತೊಳೆದೆ.

ಎರಡನೆಯ ಪಾಠದ ದಿನ ನನಗೆ ರಜೆ. ಸಂಜೆ ಅವಳು ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಸಿದಳು. ಮಕ್ಕಳಿಬ್ಬರೂ ಒಳಗಿನಿಂದ ಬಂದು ನಿಂತರು.

"ಏನಾಯ್ತು?" ಎಂದೆ.

"ಪಾಸಂತೆ. ದಡ ಮುಟ್ಟೋವಷ್ಟು ಮಾರ್ಕ್ಸ್ ಕೊಟ್ಟಿದಾರೆ."

ದೊಡ್ಡವಳು ಚಪ್ಪಾಳೆ ತಟ್ಟಿದಳು. ಅತ್ತಿಗೆಯ ಮುಖದಲ್ಲಿ ನಗುವೇ ಇರಲಿಲ್ಲ.

"ಅದೇ ಮಗೂನ ಬೋರ್ಡಿಗೆ ಕರೆದೆ. ಬರ್ತಾಳೋ ಇಲ್ವೋ ಅಂದ್ಕೊಂಡಿದ್ದೆ, ಬಂದ್ಲು. ಬರೆಯೋಕೆ ಶುರು ಮಾಡಿದ ತಕ್ಷಣ ನಾನು ಬೋರ್ಡಿಗೆ ಬೆನ್ನು ಮಾಡಿ ನಿಂತ್ಕೊಂಡೆ. ಏನು ಮಾಡ್ತಿದೀಯೋ ಬಾಯಲ್ಲಿ ಹೇಳು ಪುಟ್ಟಾ, ನಾನು ಕೇಳಿಸ್ಕೋತೀನಿ ಅಂದೆ. ಹೇಳ್ತಾ ಹೇಳ್ತಾ ನಿಂತ್ಬಿಟ್ಲು. ಸೀಮೆಸುಣ್ಣದ ಸದ್ದೇ ಇಲ್ಲ. ತಿರುಗಬಾರದು ಅಂತ ಮೇಜು ಗಟ್ಟಿಯಾಗಿ ಹಿಡ್ಕೊಂಡೆ. ಆಮೇಲೆ ಒರೆಸೋ ಸದ್ದು ಕೇಳಿಸ್ತು. ಟೀಚರ್, ನಾನೇ ತಪ್ಪು ಮಾಡಿದ್ದೆ, ಈಗ ಸರಿ ಮಾಡಿದೆ ಅಂದ್ಲು."

"ಮತ್ತೆ ಮಾರ್ಕ್ಸ್ ಯಾಕೆ ಕಡಿಮೆ?"

"ಬೋರ್ಡಿಗೆ ಬೆನ್ನು ಮಾಡಿದ್ದಕ್ಕೆ. ಮಗು ಬರೆಯೋವಾಗ ಟೀಚರ್ ಆದವರು ಬೋರ್ಡ್ ನೋಡ್ತಿರಬೇಕಂತೆ. ಯಾಕೆ ನಿಂತ್ರಿ ಅಂತ ಕೇಳಿದ್ರು."

"ನೀನೇನಂದೆ?"

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನೋಡಿದ್ರೆ ನನಗೆ ತಪ್ಪು ಬಿಟ್ಟು ಬೇರೇನೂ ಕಾಣಲ್ಲ ಮೇಡಂ ಅಂದೆ. ಮನೇಲಿ ನನ್ನ ಎರಡು ಮಕ್ಕಳನ್ನೂ ಹಾಗೇ ನೋಡಿ ನೋಡಿ ಬೆಳೆಸ್ಬಿಟ್ಟೆ ಅಂದೆ."

ಚಿಕ್ಕವಳು ಮೆಲ್ಲಗೆ ಹೋಗಿ ಅಮ್ಮನ ಮೊಣಕಾಲಿಗೆ ತಾಗಿ ನಿಂತಳು. ಮುಖವನ್ನು ಅವಳ ಮುಖದ ಹತ್ತಿರ ತಂದು ಕೇಳಿದಳು.

"ಅಮ್ಮ, ನನ್ನಲ್ಲಿ ಎಷ್ಟು ತಪ್ಪಿದೆ?"

ಅತ್ತಿಗೆ ಅವಳನ್ನು ತುಂಬ ಹೊತ್ತು ನೋಡಿದಳು.

"ಗೊತ್ತಿಲ್ಲ ಕಣೇ" ಎಂದಳು. "ಸುಸ್ತಾಗಿದೆ. ಒಂದೂ ಕಾಣಿಸ್ತಿಲ್ಲ."